ಬೀಮು ಎತ್ತಿದ ವರ್ಷ

ಮೊನ್ನೆ ಚಿಮ್ಮಡದಲ್ಲಿ ಒಂದು ಮದುವೆ ಮುಗಿಸಿಕೊಂಡು ಆಟೋದಲ್ಲಿ ಬನಹಟ್ಟಿಗೆ ಬರುತ್ತಿದ್ದೆ. ಊರು ಹತ್ತಿರವಾದಂತೆ ನಮ್ಮ ಮುಂದೆ ಒಂದು ಸರಕಿನ ಗಾಡಿ ಸೇರಿಕೊಂಡಿತು. ಅದರ ತುಂಬ ಆಗತಾನೇ ಗಂಜಿ ಹಾಕಿಸಿಕೊಂಡು ಬಂದ ಬೀಮುಗಳು. ನೂಲಿಗೆ ಗಂಜಿ ಹತ್ತಿ ಒಣಗುವಾಗ ಒಂದು ವಾಸನೆ ಬರುತ್ತದೆ. ಅನ್ನ ಬಸಿದ ಪಾತ್ರೆಯದೂ ಅಲ್ಲ, ಒಗೆದ ಬಟ್ಟೆಯದೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಹೊಟ್ಟೆ ಬಿಗಿಯಾಯಿತು, ಉಸಿರು ಒಳಗೇ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಸೀಟು ಚುಚ್ಚುತ್ತಿದೆಯೇ ಎಂದು ಕೇಳಿದಳು. ಏನಿಲ್ಲ ಎಂದೆ. ನಾಲ್ಕು ವರ್ಷದ ಹಿಂದಿನ ಒಂದು ಇಡೀ ವರ್ಷವನ್ನು ಆಟೋದಲ್ಲಿ ಕೂತು ಎಷ್ಟೆಂದು ಹೇಳುವುದು?

ಬೀಮು ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕಾಗುತ್ತದೆ. ಒಂದಾಳು ಉದ್ದದ ಕಬ್ಬಿಣದ ಪೈಪು, ಅದರ ಎರಡೂ ತುದಿಯ ಹತ್ತಿರ ಒಂದೊಂದು ದುಂಡನೆಯ ಕಬ್ಬಿಣದ ತಟ್ಟೆ. ಆ ಎರಡು ತಟ್ಟೆಗಳ ನಡುವೆ ಹಾಸಿನ, ಎಂದರೆ ಬಟ್ಟೆಯ ಉದ್ದಕ್ಕೂ ಓಡುವ, ಸಾವಿರಾರು ಎಳೆಗಳನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಇದನ್ನು ಪಾವರ್‌ಲೂಮ್ ಮಗ್ಗದ ಹಿಂಭಾಗಕ್ಕೆ ಕೂಡಿಸಿದರೆ ಮಗ್ಗ ಆ ಎಳೆಗಳನ್ನು ಎಳೆದುಕೊಳ್ಳುತ್ತ ಸೀರೆ ನೇಯುತ್ತದೆ. ಎಳೆ ಮುಗಿಯಿತೆಂದರೆ ಬೀಮು ಖಾಲಿ, ಇನ್ನೊಂದು ಬರಬೇಕು. ತುಂಬಿದ ಬೀಮನ್ನು ನೆಲದಿಂದ ಎತ್ತಿ ಮಗ್ಗಕ್ಕೆ ಕೂಡಿಸಲು ತುದಿಗೊಬ್ಬರಂತೆ ಇಬ್ಬರು ಗಟ್ಟಿ ಗಂಡಸರು ಬೇಕು. ನಮ್ಮ ಓಣಿಯಲ್ಲಿ ಇದಕ್ಕೊಂದು ಪದ್ಧತಿಯಿದೆ. ಹೊಸ ಬೀಮು ಬಂದಾಗ ಮನೆಯ ಹೆಣ್ಣುಮಗಳು ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಹಿಂದೆ ಸರಿಯಬೇಕು. ಆಮೇಲೆ ಗಂಡಸರು ಎತ್ತಬೇಕು. ಮದುವೆಯಾಗಿ ಬಂದ ಹದಿನೆಂಟು ವರ್ಷ ನಾನೂ ಕುಂಕುಮ ಹಚ್ಚಿ ಹಿಂದೆ ಸರಿದವಳೇ.

ನಮ್ಮದು ಎರಡು ಮಗ್ಗದ ಮನೆ. ನಾನು, ಓಣಿಯವರು ಶಂಕ್ರಪ್ಪ ಎಂದು ಕರೆಯುವ ನಮ್ಮ ಮನೆಯವರು, ಮತ್ತು ನಮ್ಮ ಅತ್ತೆ. ಮಗಳು ಮುಧೋಳದ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಆ ವರ್ಷ ಕಾರ ಹುಣ್ಣಿಮೆ ಮುಗಿದ ವಾರದಲ್ಲೇ ಮನೆಯವರ ನಡ ಹಿಡಿಯಿತು. ಬೀಮಿನ ಒಂದು ತುದಿಗೆ ಇವರು, ಇನ್ನೊಂದು ತುದಿಗೆ ಎದುರು ಮನೆಯ ಈರಪ್ಪ. ಎತ್ತುವುದೇನೋ ಎತ್ತಿಯಾಗಿತ್ತು, ಮಗ್ಗದ ಕಡೆ ಹೊರಳುತ್ತಿದ್ದಂತೆ ಇವರ ಬಾಯಿಂದ ಒಂದು ಸ್ವರ ಬಂತು. ನೋವಾದರೂ ಕೈ ಬಿಡಲಿಲ್ಲ, ಬಿಟ್ಟಿದ್ದರೆ ಈರಪ್ಪನ ಕಾಲು ಹೋಗುತ್ತಿತ್ತು. ಬೀಮು ಕೂಡಿಸಿಯೇ ನೆಲಕ್ಕೆ ಕುಸಿದರು. ಎರಡು ದಿನ ಮಗ್ಗುಲು ಹೊರಳಲು ಬರಲಿಲ್ಲ. ಎಣ್ಣೆ ತಿಕ್ಕಿದೆವು, ಇಟ್ಟಿಗೆ ಕಾಸಿ ಶಾಖ ಕೊಟ್ಟೆವು, ನಡ ತೆಗೆಯುವವನೊಬ್ಬನನ್ನು ಪಕ್ಕದ ಊರಿಂದ ಕರೆಸಿದೆವು. ಅವನು ತೆಗೆದದ್ದು ನಡವನ್ನಲ್ಲ, ಅರ್ಧ ಜೀವವನ್ನು. ಕಡೆಗೆ ಜಮಖಂಡಿಯ ಡಾಕ್ಟರರ ಬಳಿ ಹೋದೆವು. ಅವರು ಗುಳಿಗೆ ಬರೆದು, ಸದ್ಯ ಭಾರ ಎತ್ತಲೇಬಾರದು ಎಂದರು. ಮುಂದೆ ಎಂದಾದರೂ ಎತ್ತಬಹುದೇ ಎಂದು ಕೇಳಿದ್ದಕ್ಕೆ, ಮೊದಲು ನೋವು ಇಳಿಯಲಿ, ಆಮೇಲೆ ನೋಡೋಣ ಎಂದರು.

ಮಗ್ಗ ನಡೆಸುವುದು ನನ್ನ ಪಾಲಿಗೆ ಬಂತು. ಅದು ನನಗೆ ಹೊಸದಲ್ಲ, ತವರು ಬೀಳಗಿ ಕಡೆ ಮಗ್ಗವೇ ಇರದಿದ್ದರೂ ಇಲ್ಲಿ ಬಂದ ಮೇಲೆ ಎಲ್ಲ ಕಲಿತಿದ್ದೆ. ಮನೆಯವರು ಕೂತು ಕಂಡಿಕೆ ಸುತ್ತತೊಡಗಿದರು. ಲಾಳಿಯೊಳಗೆ ಇಡುವ ಪುಟ್ಟ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತೇವೆ. ಅದು ನಮ್ಮಲ್ಲಿ ಹೆಂಗಸರ, ವಯಸ್ಸಾದವರ ಕೆಲಸ. ಇವರಿಗೆ ಆಗ ನಲವತ್ತಮೂರು. ಬಾಗಿಲಲ್ಲಿ ಯಾರಾದರೂ ಬಂದರೆ ರಾಟೆ ನಿಲ್ಲಿಸಿ ಬೇರೇನೋ ಹುಡುಕುವವರಂತೆ ಮಾಡುತ್ತಿದ್ದರು. ನನಗೆ ಕಣ್ಣಿಗೆ ಬೀಳುತ್ತಿತ್ತು, ಕಂಡರೂ ಕಾಣದಂತೆ ಇರುತ್ತಿದ್ದೆ.

ತೊಂದರೆಯೆಲ್ಲ ಬೀಮು ಬಂದಾಗ. ಈರಪ್ಪನಿಗೆ ತಾಲೀಮಿನಲ್ಲಿ ಬೆಳೆದ ಮೈ. ಓಣಿಯ ಅರ್ಧ ಬೀಮುಗಳನ್ನು ಎತ್ತುವವನು ಅವನೇ. ಮನಸ್ಸು ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಕರೆದರೆ ಬರುತ್ತಿದ್ದ, ಆದರೆ ಅವನ ಮನೆಯಲ್ಲೂ ನಾಲ್ಕು ಮಗ್ಗ, ಮೇಲಾಗಿ ಇನ್ನೊಂದು ತುದಿಗೆ ಅವನ ತಮ್ಮನೂ ಬಿಡುವಾಗಬೇಕು. ಹೊಸ ಬೀಮು ಗೋಡೆಗೆ ಒರಗಿ ಎರಡು ದಿನ, ಮೂರು ದಿನ ಕೂರುತ್ತಿತ್ತು. ನಡೆಯುವ ಮಗ್ಗದ ಸಪ್ಪಳದಲ್ಲಿ ನಾವು ಆರಾಮಾಗಿ ನಿದ್ದೆ ಮಾಡುವ ಜನ. ನಿಂತ ಮಗ್ಗ ನಮ್ಮನ್ನು ಮಲಗಗೊಡುವುದಿಲ್ಲ. ಒಂದು ಸಂಜೆ ಊಟದ ಮುಂದೆ ಕೂತು ಮನೆಯವರು ತಟ್ಟೆ ನೋಡುತ್ತಲೇ ಹೇಳಿದರು:

"ಬನದ ಹುಣ್ಣಿವಿ ತನಕಾ ನೋಡೂಣು. ಆಮ್ಯಾಲ ಮಗ್ಗಾ ಕೊಟ್ಟಬಿಡೂಣು. ದಿನಾ ಮಂದಿ ಮಾರಿ ನೋಡಿ ಬಾಳೇ ಮಾಡಾಕ ಆಗಂಗಿಲ್ಲ ನನಗ."

ರಬಕವಿಯ ಒಬ್ಬರಿಗೆ ಆಗಲೇ ಮಾತು ಕೊಟ್ಟೂ ಆಗಿತ್ತು. ಪುಷ್ಯದಲ್ಲಿ ಬರುವ ಆ ಹುಣ್ಣಿಮೆ ಕಳೆದ ಮೇಲೆ ಅವರು ಬಂದು ಮಗ್ಗ ನೋಡುವುದು, ಒಪ್ಪಿದರೆ ಬಿಚ್ಚಿಕೊಂಡು ಹೋಗುವುದು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಅವರ ಮೇಲಲ್ಲ. ಮಾವ ಕೈಮಗ್ಗದಲ್ಲಿ ಬದುಕಿ ಬಾಳಿದ ಮನೆ ಅದು, ಇವರು ಹತ್ತನೆಯ ವಯಸ್ಸಿಗೇ ಎಳೆ ಕಟ್ಟಲು ಕಲಿತವರು. ಮಗ್ಗ ಹೋದರೆ ಈ ಮನುಷ್ಯ ಯಾವುದೋ ಗೇಟಿನ ಮುಂದೆ ಕಾವಲಿಗೆ ಕುರ್ಚಿ ಹಾಕಿಕೊಂಡು ಕೂರಬೇಕು. ಕೂತರೆ ನಡ ಗುಣವಾಗಬಹುದು, ಮನುಷ್ಯ ಉಳಿಯುತ್ತಿರಲಿಲ್ಲ. ಇದು ನನಗೆ ಖಚಿತವಾಗಿ ಗೊತ್ತಿತ್ತು, ಏನು ಮಾಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಮಳೆ ಬೀಳುವುದು ಮಹಾರಾಷ್ಟ್ರದಲ್ಲಿ, ಹೊಳೆ ತುಂಬುವುದು ನಮ್ಮಲ್ಲಿ. ಕೃಷ್ಣಾ ನದಿ ಕೆಂಪಾಗಿ ಉಕ್ಕಿದ್ದ ದಿನಗಳಲ್ಲಿ ಡಾಕ್ಟರರ ಬಳಿ ಮತ್ತೊಮ್ಮೆ ಹೋಗಿದ್ದೆವು. ವಾಪಸು ಬರುವಾಗ ಜಿಟಿಜಿಟಿ ಹಿಡಿಯಿತು. ಬಸ್ ನಿಲ್ದಾಣದ ಹತ್ತಿರ ಹಳೆಯ ಪುಸ್ತಕದ ತಳ್ಳುಗಾಡಿಯವನು ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದ. ಪರೀಕ್ಷೆಯ ಗೈಡುಗಳ ನಡುವೆ ಮುಖಪುಟ ಹರಿದುಹೋದ ಒಂದು ದಪ್ಪ ಪುಸ್ತಕ ಬಾಯಿ ತೆರೆದು ಬಿದ್ದಿತ್ತು. ಅದರಲ್ಲೊಂದು ಚಿತ್ರ. ಒಬ್ಬ ಮನುಷ್ಯ ಬೀಮನ್ನು ಒಬ್ಬನೇ ಎತ್ತಿಕೊಂಡು ನೆಟ್ಟಗೆ ನಿಂತಿದ್ದಾನೆ! ಅದೇ ಪೈಪು, ಅದೇ ತುದಿಯ ತಟ್ಟೆಗಳು. ಮುಖದಲ್ಲಿ ನೋವಿಲ್ಲ, ಬೆನ್ನಲ್ಲಿ ಬಾಗಿಲ್ಲ. ಯಾವ ಊರಿನ ನೇಕಾರನೋ, ಎಂಥ ಉಪಾಯವೋ ಎಂದುಕೊಂಡು ಗಾಡಿಯ ಹತ್ತಿರ ಹೋದೆ. ಮನೆಯವರು ಬಸ್ಸು ಬಂತೆಂದು ಕೂಗುತ್ತಿದ್ದರು. ಬೆಲೆ ಕೇಳದೆ ಕೈಗೆ ಸಿಕ್ಕಿದ್ದನ್ನು ಕೊಟ್ಟು, ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ಓಡಿದೆ.

ಮನೆಗೆ ಬಂದು ಬಿಡಿಸಿ ನೋಡಿದರೆ ಅದರಲ್ಲಿ ಮಗ್ಗವೂ ಇಲ್ಲ, ನೂಲೂ ಇಲ್ಲ. ಚಡ್ಡಿ ಹಾಕಿಕೊಂಡ ಗಂಡಸರು, ಹೆಂಗಸರು ಪುಟಪುಟದಲ್ಲೂ ಕಬ್ಬಿಣ ಎತ್ತುತ್ತಿದ್ದಾರೆ. ಅದು ಮೈ ಗಟ್ಟಿ ಮಾಡಿಕೊಳ್ಳುವ ಕಸರತ್ತಿನ ಪುಸ್ತಕ, ಇಂಗ್ಲಿಷಿನದು. ಭಾರ ಎತ್ತುವ ಸಲಾಕೆಯನ್ನು ನಾನು ಬೀಮು ಎಂದುಕೊಂಡಿದ್ದೆ. ಅತ್ತೆ ನಕ್ಕದ್ದೇ ನಕ್ಕದ್ದು. ಮನೆಯವರೂ ತುಂಬ ದಿನದ ಮೇಲೆ ನಕ್ಕರು, ನಕ್ಕು ನಡ ಹಿಡಿದುಕೊಂಡರು. ನನಗೆ ಮಾತ್ರ ನಗು ಬರಲಿಲ್ಲ. ತಪ್ಪು ತಿಳಿದುಕೊಂಡೆ ಸರಿ, ಆದರೆ ಅವರು ಎತ್ತುತ್ತಿರುವುದು ನಮ್ಮ ಬೀಮಿನಂಥದನ್ನೇ ಅಲ್ಲವೇ? ಅವರಿಗೆ ಬರುವುದು ನಮಗೇಕೆ ಬರಬಾರದು?

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಹತ್ತಕ್ಕೆ ಎರಡು ಸಿಗುತ್ತಿತ್ತು. ಫೋನಿನ ಕ್ಯಾಮೆರಾ ಪುಟದ ಮೇಲೆ ಹಿಡಿದರೆ ಅದು ಕನ್ನಡ ಮಾಡಿ ತೋರಿಸುತ್ತದೆಂದು ಮಗಳು ಹೇಳಿಕೊಟ್ಟಳು. ಹಿಡಿದೆ. ನೆಲದಿಂದ ಸಲಾಕೆ ಎತ್ತುವ ಪಾಠಕ್ಕಿದ್ದ ಡೆಡ್‌ಲಿಫ್ಟ್ ಎಂಬ ತಲೆಬರಹವನ್ನು ಫೋನು "ಸತ್ತ ಎತ್ತು" ಎಂದು ತೋರಿಸಿತು. ಆಮೇಲೆ ಫೋನಿನ ಕನ್ನಡವನ್ನು ಅರ್ಧ ನಂಬಿ, ಚಿತ್ರವನ್ನು ಪೂರಾ ನಂಬಿ, ಉಳಿದದ್ದನ್ನು ರವಿವಾರ ಮಗಳಿಗೆ ಫೋನು ಹಚ್ಚಿ ಕೇಳಿಕೊಳ್ಳುತ್ತಿದ್ದೆ.

ಕರೆಂಟು ಹೋದರೆ ಇಡೀ ಬನಹಟ್ಟಿ ಒಮ್ಮೆಲೇ ಸುಮ್ಮನಾಗುತ್ತದೆ. ಮಧ್ಯಾಹ್ನದ ಆ ಹೊತ್ತೇ ನನ್ನ ಪಾಠದ ಹೊತ್ತು. ಮೊದಲ ಪಾಠ ಕುಕ್ಕರಗಾಲಲ್ಲಿ ಕೂತು ಏಳುವುದು. ಹಿಮ್ಮಡಿ ನೆಲ ಬಿಡದಂತೆ ಕೆಳಗೆ ಕೂರುವುದು ಹೇಗೆಂದು ಆ ಪುಸ್ತಕ ಪುಟಗಟ್ಟಲೆ ಹೇಳುತ್ತದೆ. ನಾನೂ ಅತ್ತೆಯೂ ಹಾಗೆಯೇ ಕೂತು, ಮೆಂತೆ ಪಲ್ಯದ ಸೊಪ್ಪು ಬಿಡಿಸುತ್ತ ಆ ಪುಟಗಳನ್ನು ನೋಡಿದೆವು. ಇಷ್ಟಕ್ಕೂ ಪುಸ್ತಕ ಬರೆಯುತ್ತಾರೆಯೇ ಎಂದು ಅತ್ತೆ ಎಪ್ಪತ್ತರ ವಯಸ್ಸಿನಲ್ಲಿ ಕೈ ಊರದೆ ಎದ್ದು ಹೋದರು. ಅಂದು ನನಗೆ ಹೆಮ್ಮೆಯಾಯಿತು. ದೊಡ್ಡ ದೊಡ್ಡ ದೇಶದವರು ದುಡ್ಡು ಕೊಟ್ಟು ಕಲಿಯುವುದನ್ನು ನಾವು ಪಲ್ಯ ಬಿಡಿಸುತ್ತ ಮಾಡುತ್ತಿದ್ದೆವು.

ಹೆಮ್ಮೆ ಎರಡನೆಯ ಪಾಠದವರೆಗೆ ಉಳಿಯಿತು. ಭಾರ ಎತ್ತುವಾಗ ಬೆನ್ನು ಬಾಗಬಾರದು, ಬಾಗುವುದು ತೊಡೆಯ ಮೇಲಿನ ಸಂದಿನಲ್ಲಿ, ಕುಂಡಿ ಹಿಂದಕ್ಕೆ ಹೋಗಬೇಕು ಎಂದು ಪುಸ್ತಕ ಹೇಳುತ್ತದೆ. ನಾನು ಹುಟ್ಟಿದಾಗಿನಿಂದ ಕಸ ಗುಡಿಸಿದ್ದು, ಕೊಡ ಎತ್ತಿದ್ದು, ಹರಿದ ಎಳೆ ಹುಡುಕಿದ್ದು ಎಲ್ಲವೂ ಬೆನ್ನು ಬಗ್ಗಿಸಿಯೇ. ನೆಟ್ಟಗಿದ್ದೇನೆ ಅಂದುಕೊಳ್ಳುತ್ತಿದ್ದೆ, ಬೆನ್ನು ಮಾತ್ರ ಬಿಲ್ಲಿನಂತೆ ಇರುತ್ತಿತ್ತು. ಅಳೆಯುವ ಉಪಾಯ ಪುಸ್ತಕದಲ್ಲೇ ಇತ್ತು. ಒಂದು ನೇರ ಕೋಲು ಬೆನ್ನಿಗೆ ಹಚ್ಚಬೇಕು. ಬಾಗುವಾಗ ಅದು ತಲೆಗೆ, ಹೆಗಲ ನಡುವಿಗೆ, ಬಾಲದ ಮೂಳೆಗೆ ತಾಗಿಯೇ ಇರಬೇಕು. ಹಾಸಿನ ಎಳೆಗಳ ನಡುವೆ ತೂರಿಸುವ ನುಣುಪು ಕೋಲುಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದನ್ನು ತಂದೆ. ಹಿಡಿಯುವವರು ಬೇಕಲ್ಲ? ಅತ್ತೆಯನ್ನು ಕೇಳಿದೆ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಗೊಣಗುತ್ತಲೇ ಹಿಡಿದರು.

ಅತ್ತೆಗೆ ಓದು ಬಾರದು. ಆದರೆ ಐವತ್ತು ವರ್ಷ ಹಾಸಿನ ಎಳೆ ಬಿಗಿಯಿದೆಯೋ ಸಡಿಲಾಗಿದೆಯೋ ನೋಡಿದ ಕಣ್ಣು ಅವರದು. ಮೂರನೆಯ ದಿನಕ್ಕೆ ಕೋಲಿಲ್ಲದೆಯೇ ನನ್ನ ತಪ್ಪು ಹೇಳತೊಡಗಿದರು.

"ಹಾಸು ಜೋಲು ಬಿದ್ದಂಗ ಆಗೇತಿ ನೋಡ ನಿನ್ನ ಬೆನ್ನು. ಬಿಗಿ ಹಿಡಿ ಬೇ."

ಆ ಒಂದು ಮಾತು ನನಗೆ ನಾಲ್ಕು ಪುಟಕ್ಕಿಂತ ಹೆಚ್ಚು ಅರ್ಥವಾಯಿತು. ಹಾಸು ಬಿಗಿಯಾಗಿದ್ದರೆ ಮಗ್ಗ ಎಷ್ಟು ಹೊಡೆದರೂ ಎಳೆ ತಡೆಯುತ್ತದೆ. ಸಡಿಲಾದಲ್ಲೇ ಹರಿಯುತ್ತದೆ. ಉಸಿರೆಳೆದು ಹೊಟ್ಟೆ ಬಿಗಿಹಿಡಿದು ಬಾಗಿದೆ, ಕೋಲು ಮೂರೂ ಕಡೆ ತಾಗಿತು. ನೆಲ ಓರೆಯಾಗಿದೆ, ಸೀರೆ ತೊಡಕುತ್ತದೆ ಎಂದು ಏನಾದರೂ ನೆಪ ಹೇಳಿದರೆ ಅತ್ತೆ ಕುಣಿಯಲಾರದವಳ ಗಾದೆ ತೆಗೆಯುತ್ತಿದ್ದರು, ಅದೇ ಕೋಲಿನಿಂದ ಮೊಣಕಾಲಿಗೆ ಒಂದು ತಟ್ಟುತ್ತಲೂ ಇದ್ದರು. ಸೀರೆಯ ಬದಲು ಮಗಳ ಹಳೆಯ ಚೂಡಿದಾರ ಹಾಕಿಕೊ ಎಂದು ಹೇಳಿದವರೂ ಅವರೇ.

ಮೊದಲು ಕಂಡಿಕೆಯ ಬುಟ್ಟಿ ಎತ್ತಿದೆ. ಆಮೇಲೆ ನೂಲಿನ ಗಂಟು. ನಾಗರ ಪಂಚಮಿ ಕಳೆದ ಮೇಲೆ ಖಾಲಿ ಬೀಮು. ಖಾಲಿಯಾದರೂ ಕಬ್ಬಿಣ ಕಬ್ಬಿಣವೇ, ಮೊದಲ ದಿನ ಅದು ನೆಲ ಬಿಡಲು ಮನಸ್ಸು ಮಾಡಲಿಲ್ಲ. ಮೊಣಕಾಲ ಕೆಳಗಿನ ಮೂಳೆಗೆ ಪೈಪು ಒತ್ತಿ, ತೋಳು ನೀಳ ಬಿಟ್ಟು, ನೆಲವನ್ನೇ ಕೆಳಗೆ ತುಳಿಯುವಂತೆ ಎದ್ದೇಳು ಎಂದು ಪುಸ್ತಕ ಹೇಳಿತ್ತು. ಹಾಗೇ ಮಾಡಿದೆ, ಬಂತು. ಆಮೇಲೆ ವಾರಕ್ಕೊಮ್ಮೆ ಎರಡೂ ಕಡೆ ಒಂದೊಂದು ಕೋನನ್ನು, ಎಂದರೆ ನೂಲು ಸುತ್ತಿದ ದಪ್ಪ ಉಂಡೆಯನ್ನು, ಚೀಲದಲ್ಲಿ ಹಾಕಿ ಹೆಚ್ಚಿಗೆ ಕಟ್ಟುತ್ತಿದ್ದೆ. ಒಂದು ದಿನ ಎತ್ತಿದರೆ ಒಂದು ದಿನ ಬಿಡುವು. ಊಟಕ್ಕೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ನೆನೆಸಿದ ಹೆಸರುಕಾಳು, ಗಟ್ಟಿ ಮೊಸರು, ರೊಟ್ಟಿ ಒಂದು ಹೆಚ್ಚು. ಕೋನು ಹೆಚ್ಚಾದಂತೆ ನನ್ನ ನಡಿಗೆ ಬೇರೆಯಾಯಿತು ಎಂದು ಓಣಿಯ ಹೆಂಗಸರು ಹೇಳಿದರು. ನನಗೂ ಅನಿಸುತ್ತಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸುದ್ದಿ ಈರಪ್ಪನ ಕಿವಿಗೆ ಬೀಳದೆ ಇರುತ್ತದೆಯೇ? ಬೀಮು ಎತ್ತಲು ಬಂದವನು ಪುಸ್ತಕ ನೋಡಿ, ಮೀಸೆಯಲ್ಲೇ ನಕ್ಕು ಕೇಳಿದ:

"ವೈನೀ, ಪುಸ್ತಕಾ ಓದಿ ಈಸಾಕ ಕಲ್ತಾವ್ರನ್ನ ಎಲ್ಲೆರ ನೋಡೀರೇನ್ರಿ?"

ನಾನು ಪುಸ್ತಕ ಮಡಚಿಟ್ಟು ಬೀಮಿಗೆ ಕುಂಕುಮ ಹಚ್ಚಲು ಹೋದೆ. ಆದರೆ ಆ ಮಾತು ಒಳಗೆ ಕೂತು ಕೊರೆಯಿತು. ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಈರಪ್ಪನ ಹೆಂಡತಿಯೂ ಇನ್ನಿಬ್ಬರೂ ನೋಡಲು ಬಂದರು. ಅವರ ಮುಂದೆ ತೋರಿಸಬೇಕೆಂದು ಒಂದೇ ಸಲಕ್ಕೆ ಎರಡೂ ಕಡೆ ಇನ್ನೂ ನಾಲ್ಕು ನಾಲ್ಕು ಕೋನು ಏರಿಸಿದೆ. ಎತ್ತಿದೆ, ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಇಳಿಸುವಾಗ ನಡದಲ್ಲಿ ಚಳಕ್ ಎಂದಿತು. ನಗುನಗುತ್ತಲೇ ಅವರನ್ನು ಕಳಿಸಿ, ಒಳಗೆ ಬಂದು ಗೋಡೆಗೆ ಒರಗಿ ನಿಂತೆ. ನನಗೆ ಆದ ಹೆದರಿಕೆ ಹೇಳತೀರದು. ಮನೆಯಲ್ಲಿ ಎರಡನೆಯ ನಡವೂ ಹೋದರೆ ಮಗ್ಗ ಕೊಡಲು ಬನದ ಹುಣ್ಣಿಮೆಯವರೆಗೂ ಕಾಯಬೇಕಾಗಿರಲಿಲ್ಲ. ಅತ್ತೆಗೆ ಹೇಳದೆಯೇ ತಿಳಿಯಿತು. ಬೈಯಲಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದಷ್ಟೇ ಹೇಳಿ ಆ ರಾತ್ರಿ ರೊಟ್ಟಿ ತಾವೇ ಬಡಿದರು. ಅದೃಷ್ಟಕ್ಕೆ ನಾಲ್ಕು ದಿನಕ್ಕೆ ನೋವು ಹೋಯಿತು. ನೋವು ಪೂರಾ ಹೋಗುವ ತನಕ ಕಾದು, ಮತ್ತೆ ಖಾಲಿ ಬೀಮಿನಿಂದ ಶುರು ಮಾಡಿದೆ. ಪುಸ್ತಕದ ಮಾತು ಮೀರಿದ್ದು ಆ ಒಂದೇ ಸಲ.

ಇಷ್ಟೆಲ್ಲ ನಡೆಯುವಾಗ ಮನೆಯವರು ಎಲ್ಲಿದ್ದರು ಎಂದು ನೀವು ಕೇಳಬಹುದು. ನಾನು ಬೀಮಿನ ಮುಂದೆ ನಿಂತರೆ ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದರು. ಒಮ್ಮೆ ಮಾತ್ರ, ತನ್ನ ಕಣ್ಣ ಮುಂದೆ ಎತ್ತಬೇಡ ಎಂದು ನೇರವಾಗಿ ಹೇಳಿದ್ದರು. ಹೆಂಡತಿ ಎತ್ತುವುದನ್ನು ಕೂತು ನೋಡುವ ಗಂಡಸಿಗೆ ಏನಾಗುತ್ತದೆಂದು ನನಗೆ ತಿಳಿಯದ್ದಲ್ಲ. ಆದರೆ ನನ್ನದೂ ಉಡದ ಪಟ್ಟು, ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಚಳಿ ಬಿತ್ತು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಯಿತು, ಅವರು ಹೊರಗೆ ಹೋಗುವುದು ನಿಂತಿತು. ಬೆನ್ನು ನನ್ನ ಕಡೆ ಮಾಡಿ ಕಂಡಿಕೆ ಸುತ್ತುತ್ತ ಕೂರುತ್ತಿದ್ದರು. ಒಂದು ದಿನ ನಾನು ಅರ್ಧ ಎತ್ತಿದ್ದೆ. ಅವರು ತಿರುಗಿ ನೋಡದೆ ಅಂದರು:

"ಉಸರ ಬಿಟ್ಟಿ ನೋಡು."

ನಿಜವಾಗಿಯೂ ಬಿಟ್ಟಿದ್ದೆ. ಬೀಮು ಕೆಳಗಿಟ್ಟು ಅವರ ಬೆನ್ನು ನೋಡುತ್ತ ನಿಂತೆ. ಇಷ್ಟು ದಿನ ಅವರು ನೋಡದಿದ್ದರೂ ಕೇಳಿಸಿಕೊಳ್ಳುತ್ತಿದ್ದರು. ನಾನು ಅಡಿಗೆಯಲ್ಲಿದ್ದಾಗ ಪುಸ್ತಕದ ಪುಟಗಳನ್ನೂ ತಿರುವಿದ್ದರು, ಮರುದಿನ ಪುಟದ ಮೇಲೆ ಕಂಡಿಕೆಯ ಬಣ್ಣದ ಬೆರಳ ಗುರುತು ಕಂಡಿತು. ಆ ವಾರ ಡಾಕ್ಟರರ ಬಳಿ ಹೋಗುವಾಗ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡೆ. ಡಾಕ್ಟರರು ಇವರನ್ನು ಬಾಗಿಸಿ, ಏಳಿಸಿ, ಕಾಲು ಎತ್ತಿಸಿ ನೋಡಿದರು. ಪುಸ್ತಕ ತಿರುವಿ, ಇದು ಎಲ್ಲಿ ಸಿಕ್ಕಿತು ಎಂದು ನಕ್ಕರು. ಬರಿಗೈಯಿಂದ ಶುರು ಮಾಡಲಿ, ನೋವು ಬಂದರೆ ಅಲ್ಲಿಗೇ ನಿಲ್ಲಿಸಲಿ, ತಿಂಗಳಿಗೊಮ್ಮೆ ಬಂದು ತೋರಿಸಲಿ ಎಂದರು. ಬಸ್ಸಿನಲ್ಲಿ ಮನೆಯವರು ಪುಸ್ತಕವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಕಲಿಸುವುದು ಕಲಿಯುವುದಕ್ಕಿಂತ ಕಷ್ಟ. ಅದರಲ್ಲೂ ಗಂಡನಿಗೆ. ಅವರು ಬಾಗಿಲು ಹಾಕದೆ ಕೋಲು ಮುಟ್ಟುತ್ತಿರಲಿಲ್ಲ. ಕಂಡಿಕೆಯ ಬುಟ್ಟಿ ಎತ್ತು ಎಂದರೆ ಮಕ್ಕಳಾಟ ಎನ್ನುತ್ತಿದ್ದರು. ನನ್ನ ಮುಂಗೋಪ ನಿಮಗೆ ಈಗಾಗಲೇ ಗೊತ್ತು. ಎರಡು ಸಲ ಜಗಳವಾಯಿತು, ಒಂದು ಸಲ ಎರಡು ದಿನ ಮಾತು ಬಿಟ್ಟೆವು. ಅತ್ತೆ ಇಬ್ಬರಿಗೂ ಸಮನಾಗಿ ಕೋಲಿನಿಂದ ತಟ್ಟಿದರು. ಆದರೆ ಒಂದು ಸಂಗತಿ ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು. ಪುಸ್ತಕದ ಒಂದು ಮೂಲೆಯಲ್ಲಿ ಚಿಕ್ಕ ಚಿತ್ರವಿತ್ತು. ಭಾರ ಹಿಡಿದವನು ಪಕ್ಕಕ್ಕೆ ಹೊರಳಬೇಕಾದರೆ ಸೊಂಟ ತಿರುಚಬಾರದು, ಪಾದ ಎತ್ತಿಟ್ಟು ಇಡೀ ಮೈ ಹೊರಳಿಸಬೇಕು. ಅವರು ಆ ಚಿತ್ರವನ್ನು ತುಂಬ ಹೊತ್ತು ನೋಡಿ, ಎದ್ದು ಹೋಗಿ ಮಗ್ಗದ ಹಿಂದೆ ನಿಂತರು. ಅಂದು ತಾನು ಕಾಲು ಎತ್ತಿರಲಿಲ್ಲ, ನಡವನ್ನಷ್ಟೇ ತಿರುವಿದ್ದೆ ಎಂದರು. ಎತ್ತಿಡಲು ಜಾಗವೇ ಇರಲಿಲ್ಲ.

ನಮ್ಮ ಮನೆ ಮಾತ್ರವಲ್ಲ, ನಮ್ಮ ಓಣಿಯ ಯಾವ ಮನೆಗೆ ಹೋದರೂ ಮಗ್ಗಕ್ಕೂ ಗೋಡೆಗೂ ನಡುವೆ ಮೈ ಓರೆ ಮಾಡಿಕೊಂಡು ನುಸುಳುವಷ್ಟೇ ಜಾಗ. ಒಂದು ಗೇಣು ಉಳಿದರೂ ಅಲ್ಲೊಂದು ಚೀಲ ಇಡುತ್ತೇವೆ. ಬೀಮು ಎತ್ತುವವರು ನಿಂತಲ್ಲೇ ನಿಂತು ನಡ ತಿರುಚಿಯೇ ಕೂಡಿಸಬೇಕು. ಅಪ್ಪ ಹಾಗೆ ಮಾಡಿದ, ಮಗನೂ ಮಾಡಿದ, ನಡ ಹಿಡಿಯುವುದು ನೇಕಾರರ ಹಣೆಬರಹ ಎಂದುಕೊಂಡೆವು. ಬೇಕಾಗಿದ್ದದ್ದು ಎರಡು ಹೆಜ್ಜೆ ಜಾಗ. ನಮ್ಮ ಮನೆಯಲ್ಲಿ ಆ ಎರಡು ಹೆಜ್ಜೆಯಲ್ಲಿ ಇದ್ದದ್ದು ಮಾವನ ಕೈಮಗ್ಗದ ಕಟ್ಟಿಗೆಗಳು. ಮಾವ ತೀರಿಕೊಂಡಾಗ ಬಿಚ್ಚಿ ಅಲ್ಲಿ ಜೋಡಿಸಿಟ್ಟದ್ದು, ಅಂದಿನಿಂದ ಅತ್ತೆ ಯಾರನ್ನೂ ಮುಟ್ಟಗೊಟ್ಟಿರಲಿಲ್ಲ. ಅಮಾವಾಸ್ಯೆಗೊಮ್ಮೆ ಒರೆಸಿ ಊದಿನಕಡ್ಡಿ ಹಚ್ಚುತ್ತಿದ್ದರು. ನಾವಿಬ್ಬರೂ ಅದರ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ಹಿಂದಿನಿಂದ ಬಂದರು.

"ಸತ್ತಾವ್ರ ಮಗ್ಗಕ್ಕ ಜಾಗಾ ಕೊಟ್ಟ ಇದ್ದಾವ್ರ ನಡಾ ಮುರಕೊಳ್ಳೂದ ಬ್ಯಾಡ. ಹಿತ್ತಲಕ ಒಯ್ದ ಇಡ್ರಿ."

ಅಷ್ಟು ಹೇಳಿ ಅಡಿಗೆ ಮನೆಗೆ ಹೋದರು. ಕಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಹಿತ್ತಲ ತಗಡಿನ ಕೆಳಗೆ ಇಡುವಾಗ ನನಗೆ ಕಣ್ಣೀರು ಬಂತು. ಅಂದಿನಿಂದ ಆ ಮುದುಕಿಯನ್ನು ನಾನು ಅತ್ತೆ ಎಂದು ಕರೆಯುವುದು ಬಾಯಿ ಮಾತಿಗಷ್ಟೇ, ಮನಸ್ಸಿನಲ್ಲಿ ಅವರು ನನಗೆ ಅವ್ವ.

ಪುಷ್ಯ ಮಾಸ ಬಂತು. ಒಂದು ಮಗ್ಗದ ಎಳೆ ಮುಗಿಯಿತು, ಇನ್ನೊಂದರದು ಎರಡು ದಿನದ್ದು ಉಳಿದಿತ್ತು. ಹುಣ್ಣಿಮೆಗೆ ಇನ್ನು ಮೂರು ದಿನ. ಇನ್ನು ಬೀಮು ಬೇಡವೆಂದು ಮನೆಯವರು ನಮಗೆ ನೂಲು ಕೊಡುವ ಸಾವುಕಾರರಿಗೆ ಹಿಂದಿನ ತಿಂಗಳೇ ಹೇಳಿದ್ದರು. ಮಗ್ಗ ಕೊಡುವ ಮಾತನ್ನು ಅವರು ವಾಪಸು ತೆಗೆದುಕೊಂಡಿರಲಿಲ್ಲ, ನಾನೂ ಕೇಳಿರಲಿಲ್ಲ. ಕೇಳಿದರೆ ಹಟಕ್ಕೆ ಬೀಳುತ್ತಾರೆಂದು ಗೊತ್ತಿತ್ತು. ಅವರಿಗೆ ಹೇಳದೆ ಸಾವುಕಾರರಿಗೆ ಫೋನು ಮಾಡಿ, ಒಂದೇ ಒಂದು ಬೀಮು ಕಳಿಸಿರಿ ಎಂದೆ. ಮರುದಿನ ಬೆಳಿಗ್ಗೆ ಸರಕಿನ ಆಟೋ ಬಂದು ಬೀಮನ್ನು ಬಾಗಿಲೊಳಗೆ ಉರುಳಿಸಿ ಹೋಯಿತು. ಮನೆಯವರು ಬೀಮು ನೋಡಿದರು, ನನ್ನನ್ನು ನೋಡಿದರು, ರಾಟೆಯ ಮುಂದೆ ಹೋಗಿ ಕೂತರು. ನಾನು ಈರಪ್ಪನಿಗೆ ಹೇಳಿ ಕಳಿಸಿದೆ.

ಈರಪ್ಪ ಬಂದ, ತಮ್ಮ ಊರಲ್ಲಿಲ್ಲ ಎಂದ. ಇನ್ನೊಂದು ತುದಿ ನಾನು ಹಿಡಿಯುತ್ತೇನೆ ಎಂದೆ. ಅವನು ನಗಲಿಲ್ಲ, ಅತ್ತೆಯ ಮುಖ ನೋಡಿದ. ಬೀಮಿಗೆ ಕುಂಕುಮ ಹಚ್ಚುವುದು ನನ್ನ ಕೆಲಸವಾಗಿತ್ತು. ಅಂದು ಅತ್ತೆ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹಚ್ಚಿ, ಊದಿನಕಡ್ಡಿ ಬೆಳಗಿ, ತಾವೇ ಹಿಂದೆ ಸರಿದರು. ನಾನು ತಟ್ಟೆಯಾಚೆ ಚಾಚಿದ್ದ ಪೈಪಿನ ತುದಿಯನ್ನು ಕಾಲುಗಳ ನಡುವೆ ತಂದುಕೊಂಡು ಬಾಗಿದೆ. ಎತ್ತಿದೆವು. ನನ್ನ ತುದಿ ಸಾವಕಾಶ ನೇರ ಎದ್ದಿತು. ಈರಪ್ಪ ಅಭ್ಯಾಸದಂತೆ ಒಮ್ಮೆಲೇ ಜಗ್ಗಿದ, ಬೀಮು ಓಲಾಡಿತು. ನಾನು ಹೆಜ್ಜೆ ಎತ್ತಿಡುವಷ್ಟರಲ್ಲಿ ಅವನು ನಿಂತಲ್ಲೇ ನಡ ತಿರುವಿದ, ಮುಖ ಕಿವುಚಿಕೊಂಡಿತು. ಇಳಿಸೋಣ ಎಂದೆ, ಇಳಿಸಿದೆವು. ಈರಪ್ಪ ನಡದ ಮೇಲೆ ಕೈ ಇಟ್ಟುಕೊಂಡ. ಕೈ ಇಟ್ಟ ರೀತಿ ನೋಡಿದರೆ ಅದು ಹೊಸ ನೋವಾಗಿರಲಿಲ್ಲ. ಅಂಗಿಯ ಕೆಳಗೆ ಅವನು ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದುದು ಆಗ ಕಂಡಿತು. ಎಷ್ಟು ವರ್ಷದಿಂದ ಸುತ್ತಿಕೊಳ್ಳುತ್ತಿದ್ದನೋ ಪಾಪ.

ರಾಟೆಯ ಸಪ್ಪಳ ನಿಂತಿತು. ಮನೆಯವರು ಎದ್ದು ಬಂದರು.

"ಈರಪ್ಪಾ, ನೀ ಬಿಡು. ನಾ ಹಿಡಿತೇನಿ."

ಎರಡು ತಿಂಗಳು ಅವರು ಎತ್ತಿದ್ದನ್ನು ನಾನು ಕೋನು ಎಣಿಸಿ ಕಟ್ಟಿದ್ದೆ. ಈ ಬೀಮಿನ ಒಂದು ತುದಿಯ ಭಾರ ಅದಕ್ಕಿಂತ ಹೆಚ್ಚೇನಲ್ಲ, ಲೆಕ್ಕ ನನಗೆ ಬಾಯಿಪಾಠವಿತ್ತು. ಆದರೂ ಮನಸ್ಸಿನಲ್ಲಿ ಮತ್ತೊಮ್ಮೆ ಎಣಿಸಿದೆ. ಅವರು ಈರಪ್ಪನ ಜಾಗದಲ್ಲಿ ನಿಂತು ಪಾದ ಸರಿಮಾಡಿಕೊಂಡರು, ಅವಸರ ಮಾಡಲಿಲ್ಲ. ಕುಂಡಿ ಹಿಂದಕ್ಕೆ ಹೋಯಿತು, ಬೆನ್ನು ಹಲಗೆಯಾಯಿತು. ಬೀಮಿನ ಆ ತುದಿಯಿಂದ ನನ್ನ ಕಣ್ಣಿಗೆ ಕಣ್ಣು ಕೊಟ್ಟರು. ಏಳು ತಿಂಗಳಲ್ಲಿ ಅವರು ಹಾಗೆ ನೋಡಿರಲಿಲ್ಲ. ಅತ್ತೆ ಮೆಲ್ಲಗೆ "ಬಿಗಿ" ಎಂದರು. ಇಬ್ಬರೂ ಉಸಿರೆಳೆದೆವು.

ಬೀಮು ಎದ್ದಿತು. ಎರಡೂ ತುದಿ ಒಂದೇ ಹೊತ್ತಿಗೆ, ಒಂದೇ ಎತ್ತರಕ್ಕೆ, ಓಲಾಡದೆ ಎದ್ದಿತು. ಮಾವನ ಕಟ್ಟಿಗೆಗಳಿದ್ದ ಜಾಗದಲ್ಲಿ ಅವರು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ನಾನೂ ಇಟ್ಟೆ. ಪೈಪಿನ ತುದಿಗಳು ಮಗ್ಗದ ಹಿಂದಿನ ಕಚ್ಚುಗಳಲ್ಲಿ ಟಕ್ ಎಂದು ಕೂತವು. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಮದುವೆಯಲ್ಲೂ ಇಲ್ಲ, ಮಗಳು ಹುಟ್ಟಿದಾಗಲೂ ಇಲ್ಲ. ಈರಪ್ಪ ಹತ್ತಿರ ಬಂದು ನಾವು ಹೆಜ್ಜೆ ಇಟ್ಟ ಜಾಗವನ್ನು ನೋಡಿದ.

ಮನೆಯವರು ಪೈಪಿನಿಂದ ಕೈ ತೆಗೆದರು. ನಡ ಮುಟ್ಟಿಕೊಳ್ಳಲಿಲ್ಲ. ನೆಟ್ಟಗೆ ನಿಂತು, ಅಂಗೈಗೆ ಹತ್ತಿದ್ದ ಕುಂಕುಮವನ್ನು ಲುಂಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಸಾವ್ಕಾರ್ಗ ಫೋನ್ ಹಚ್ಚು. ಇನ್ನೊಂದ ಮಗ್ಗದ ಬೀಮ ಯಾವಾಗ ಕಳಸ್ತಾರಂತ ಕೇಳು."